ಗುಂಡಿ ಒತ್ತುವ ಮೊದಲು ಒಂದು ಊಹೆ

ಪ್ರಶ್ನೆ: ಮಧುಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಹೋದ ವರ್ಷ ಎಂಟು, ಒಂಬತ್ತನೇ ತರಗತಿಯ 62 ಮಕ್ಕಳನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆವು. ಒಳಗೆ ಕಾಲಿಟ್ಟದ್ದೇ ತಡ, ಮಕ್ಕಳು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಾ ಓಡತೊಡಗಿದರು. ಒತ್ತಿದ್ದಕ್ಕೆ ಏನಾಯಿತು ಅಂತ ನೋಡುವ ವ್ಯವಧಾನವೂ ಇರಲಿಲ್ಲ. ನಾನು ಕೊಟ್ಟಿದ್ದ 25 ಪ್ರಶ್ನೆಗಳ ಹಾಳೆಯನ್ನು ಫಲಕ ನೋಡಿ, ಒಬ್ಬರದನ್ನೊಬ್ಬರು ನೋಡಿ ತುಂಬಿಸಿದರು. ವಾಪಸು ಬಂದು ಪ್ರಬಂಧ ಬರೆಸಿದರೆ ಬಸ್ಸಿನಲ್ಲಿ ಹಾಡಿದ ಹಾಡು, ಡೈನೊಸಾರ್, ಕಬ್ಬನ್ ಪಾರ್ಕಿನಲ್ಲಿ ತಿಂದ ಪುಳಿಯೋಗರೆ. ಈ ವರ್ಷ ಮತ್ತೆ ಕೇಳಿದ್ದಕ್ಕೆ ನಮ್ಮ ಮುಖ್ಯ ಶಿಕ್ಷಕರು, "ಅದೇ ದುಡ್ಡಲ್ಲಿ ಲ್ಯಾಬಿಗೆ ಸಾಮಾನು ತರಬಹುದಲ್ಲ ಮೇಡಂ" ಅಂದರು. ನನಗೂ ಹೌದೇನೋ ಅನ್ನಿಸಿತು. ಹೋಗಬೇಕೆ? ಹೋದರೆ ಏನನ್ನು ಬೇರೆ ಥರ ಮಾಡಬೇಕು?

ಉತ್ತರ: ಹೋಗಿ ಮೇಡಂ. ಹೋಗಲೇಬೇಕು. ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಆಮೇಲೆ ಸುಮಾರು ಅಷ್ಟೇ ವರ್ಷ ವಿಜ್ಞಾನ ಕೇಂದ್ರಗಳಿಗೆ ಬರುವ ಶಾಲಾ ತಂಡಗಳ ಜೊತೆ ನಿಂತು ನೋಡಿದವನಾಗಿ ಹೇಳುತ್ತಿದ್ದೇನೆ. ನಿಮ್ಮ ಮಕ್ಕಳು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಹೊಸ ಜಾಗಕ್ಕೆ ಬಂದ ಮಕ್ಕಳು ಮಾಡುವುದೇ ಅದು.

ಮೊದಲು ಆ ಪ್ರಬಂಧದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮನಸ್ಸಿಗೆ ಹೆಚ್ಚು ನಾಟಿರುವುದು ಅದೇ ಎಂದು ಕಾಣುತ್ತದೆ. ಅಮೆರಿಕದ ಜಾನ್ ಫಾಕ್ ಮತ್ತು ಲಿನ್ ಡಿಯರ್ಕಿಂಗ್ ಎಂಬಿಬ್ಬರು ಮ್ಯೂಸಿಯಂ ಕಲಿಕೆಯನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದವರು. 1997ರಲ್ಲಿ ಅವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಲ್ಕನೇ ತರಗತಿಯ ಮಕ್ಕಳಿಂದ ಹಿಡಿದು ದೊಡ್ಡವರವರೆಗೆ 128 ಮಂದಿಯನ್ನು ಕೂರಿಸಿ, ಚಿಕ್ಕ ತರಗತಿಯಲ್ಲಿದ್ದಾಗ ಹೋದ ಶಾಲಾ ಪ್ರವಾಸದ ಬಗ್ಗೆ ಕೇಳಿದ್ದರು. ಶೇಕಡಾ 96 ಮಂದಿಗೆ ಒಂದಲ್ಲ ಒಂದು ಪ್ರವಾಸ ನೆನಪಿತ್ತು. ಆ ವಯಸ್ಸಿನಲ್ಲಿ ಕೇಳಿದ ಪಾಠಗಳಲ್ಲಿ ಎಷ್ಟು ಹಾಗೆ ಉಳಿದಾವು? ಪುಳಿಯೋಗರೆ ನೆನಪಿರುವ ಮಗುವಿಗೆ ಆ ದಿನವೇ ನೆನಪಿದೆ ಎಂದು ಅರ್ಥ. ನಮ್ಮ ಕೆಲಸ ಆ ನೆನಪಿಗೆ ಒಂದಿಷ್ಟು ವಿಜ್ಞಾನವನ್ನೂ ಕಟ್ಟಿಬಿಡುವುದು.

ಓಡಾಟಕ್ಕೂ ಒಂದು ಕಾರಣವಿದೆ. 1978ರಲ್ಲೇ ಫಾಕ್ ಮತ್ತು ಸಂಗಡಿಗರು ಮಕ್ಕಳನ್ನು ಹೊರಾಂಗಣ ಪಾಠಕ್ಕೆ ಕಾಡಿಗೆ ಕರೆದೊಯ್ದು ಗಮನಿಸಿದ್ದರು. ಅಂಥ ಜಾಗದ ಪರಿಚಯವಿದ್ದ ಮಕ್ಕಳು ಹೇಳಿಕೊಟ್ಟದ್ದನ್ನು ಕಲಿತರು. ಪರಿಚಯವೇ ಇಲ್ಲದವರ ಗಮನವೆಲ್ಲ ಆ ಜಾಗವನ್ನು ಅರಿಯುವುದಕ್ಕೇ ಖರ್ಚಾಗಿ, ಪಾಠ ಹಿಂದೆ ಬಿತ್ತು. ನಿಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಬೆಂಗಳೂರನ್ನು ನೋಡಿದ್ದೇ ಅಂದು ಮೊದಲಿರಬಹುದು. ಮೂರು ಗಂಟೆ ಬಸ್ಸಿನಲ್ಲಿ ಕೂತು, ಟ್ರಾಫಿಕ್ ನೋಡಿ, ಮೆಟ್ರೊ ನೋಡಿ, ಕಸ್ತೂರಬಾ ರಸ್ತೆಯಲ್ಲಿ ಇಳಿದು, ಒಳಗೆ ಹೋದರೆ ಸದ್ದು ಮಾಡಿ ಬಾಯಿ ತೆರೆಯುವ ಡೈನೊಸಾರ್. ಅಂಥ ಹೊತ್ತಿನಲ್ಲಿ ಕೈಗೆ 25 ಪ್ರಶ್ನೆಗಳ ಹಾಳೆ ಕೊಟ್ಟರೆ ಯಾವ ಮಗು ತಾನೆ ಓದೀತು?

ಹಾಗಾಗಿ ಮೊದಲ ಕೆಲಸ, ಆ ಜಾಗವನ್ನು ಮಕ್ಕಳಿಗೆ ಊರಿನಲ್ಲೇ ಪರಿಚಯ ಮಾಡಿಸುವುದು. ಪ್ರವಾಸಕ್ಕೆ ಒಂದು ವಾರ ಮುಂಚೆ ಒಂದು ಪಿರಿಯಡ್ ಪೂರ್ತಿ ಇದಕ್ಕೆ ಕೊಡಿ. ಬೆಳಿಗ್ಗೆ ಎಷ್ಟಕ್ಕೆ ಬಸ್ಸು, ತಿಂಡಿ ಎಲ್ಲಿ, ಶೌಚಾಲಯ ಎಲ್ಲಿ, ಊಟ ಯಾವ ಮರದಡಿ, ಐಸ್‌ಕ್ರೀಮ್ ಕೊಳ್ಳಲು ಬಿಡುವಿದೆಯೋ ಇಲ್ಲವೋ ಎಂಬುದನ್ನೆಲ್ಲ ಮೊದಲೇ ಹೇಳಿಬಿಡಿ. ಮಕ್ಕಳ ತಲೆಯಲ್ಲಿ ಸುತ್ತುತ್ತಿರುವುದು ಇವೇ. ಇವಕ್ಕೆ ಉತ್ತರ ಸಿಕ್ಕಿದರೆ ತಲೆಯಲ್ಲಿ ಬೇರೆಯದಕ್ಕೆ ಜಾಗವಾಗುತ್ತದೆ. ಡೈನೊಸಾರ್ ಇದೆ, ಅದರ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳೋಣ ಎಂದೂ ಹೇಳಿ. ಗುಟ್ಟು ಮಾಡುವುದರಿಂದ ಏನೂ ಲಾಭವಿಲ್ಲ.

ಹೋಗುವ ಜಾಗದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿ. ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡ ವರ್ಷವೇ, 1962ರ ಜುಲೈನಲ್ಲಿ, ನೆಹರೂ ಆ ಕಟ್ಟಡವನ್ನು ಉದ್ಘಾಟಿಸಿದರು. 1965ರಲ್ಲಿ ಜನರಿಗೆ ಬಾಗಿಲು ತೆರೆದಾಗ ಅಲ್ಲಿದ್ದ ಮೊದಲ ಗ್ಯಾಲರಿ ವಿದ್ಯುತ್ತಿನದು. ಕನ್ನಡ ನಾಡಿನಲ್ಲಿ ಅದು ಸಹಜವೇ ಆಗಿತ್ತು. 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದ ನಾಡಿದು.

ಇನ್ನೊಂದು ಕೆಲಸವನ್ನು ಶಾಲೆಯ ಮೈದಾನದಲ್ಲೇ ಮಾಡಿಸಿ. ಈ ಮ್ಯೂಸಿಯಂನಲ್ಲಿ ರೈಟ್ ಸಹೋದರರ 1903ರ ವಿಮಾನದ, ಅಳತೆಯಲ್ಲಿ ಮೂಲದಷ್ಟೇ ದೊಡ್ಡದಾದ ಪ್ರತಿಕೃತಿ ಇದೆ. ಆ ವರ್ಷದ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ ನಡೆದದ್ದು 12 ಸೆಕೆಂಡು, ಹಾರಿದ ದೂರ 120 ಅಡಿ. ಮೈದಾನದಲ್ಲಿ ಟೇಪು ಹಿಡಿದು 120 ಅಡಿ ಅಳೆದು ಸುಣ್ಣದ ಗೆರೆ ಹಾಕಿಸಿ. ಮಕ್ಕಳನ್ನು ಓಡಿಸಿ, ಮೊಬೈಲಿನಲ್ಲಿ ಸಮಯ ನೋಡಿ. ನಿಮ್ಮ ಶಾಲೆಯ ಹುಡುಗಿಯರು ಅದನ್ನು ಏಳೆಂಟು ಸೆಕೆಂಡಿನಲ್ಲಿ ಮುಗಿಸುತ್ತಾರೆ. ವಿಮಾನಕ್ಕಿಂತ ಬೇಗ! ರೆಕ್ಕೆಯ ಉದ್ದ 40 ಅಡಿಗೆ ತುಸು ಹೆಚ್ಚು, ಅದನ್ನೂ ನೆಲದ ಮೇಲೆ ಬರೆಸಿ. ಇಷ್ಟು ಮಾಡಿದ ಮಕ್ಕಳು ಆ ವಿಮಾನದ ಮುಂದೆ ನಿಂತಾಗ ಸುಮ್ಮನೆ ದಾಟಿಹೋಗುವುದಿಲ್ಲ. "ಇಷ್ಟು ದೊಡ್ಡದು ಇಷ್ಟೇ ದೂರ ಹೋಗಿದ್ದಾ? ಯಾಕೆ?" ಅಂತ ಅವರೇ ಶುರುಮಾಡುತ್ತಾರೆ.

ಈಗ ಪ್ರಶ್ನೆಪಟ್ಟಿಯ ಮಾತು. ಅದನ್ನು ಬಿಟ್ಟುಬಿಡಿ. ಇಷ್ಟು ವರ್ಷದಲ್ಲಿ ನಾನು ನೋಡಿದ ಸಾವಿರಾರು ಹಾಳೆಗಳಲ್ಲಿ ಮುಕ್ಕಾಲು ಪಾಲಿನವು ಮಕ್ಕಳ ಕಣ್ಣನ್ನು ಯಂತ್ರದಿಂದ ಫಲಕಕ್ಕೆ ತಿರುಗಿಸುವ ಕೆಲಸವನ್ನೇ ಮಾಡಿದವು. ಗಾಳಿಯ ಧಾರೆಯಲ್ಲಿ ಚೆಂಡು ತೇಲುತ್ತಿದೆ. ಮಗು ಅದನ್ನು ನೋಡುವ ಬದಲು ಪಕ್ಕದ ಫಲಕದಿಂದ "ಬರ್ನೌಲಿ ತತ್ತ್ವ" ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಆ ಎರಡು ಪದದಿಂದ ಅದಕ್ಕೆ ಏನೂ ಸಿಗಲಿಲ್ಲ. ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ಎಳೆದು ಬಿಟ್ಟರೆ ಅದು ಮತ್ತೆ ಧಾರೆಯ ನಡುವಿಗೇ ಬರುತ್ತದಲ್ಲ, ಎಳೆಯುವಾಗ ಬೆರಳಿಗೆ ಒಂದು ಜಗ್ಗಾಟ ಗೊತ್ತಾಗುತ್ತದಲ್ಲ, ವಿಷಯವಿರುವುದು ಅಲ್ಲಿ. ಚೆಂಡಿನ ಮೈಗೆ ಅಂಟಿಕೊಂಡು ಬಾಗುವ ಗಾಳಿಯನ್ನು ಒಂದು ಎಳೆ ದಾರ ಹಿಡಿದು ತೋರಿಸಬಹುದು. ಚೆಂಡು ಗಾಳಿಯನ್ನು ಒಂದು ಕಡೆಗೆ ಬಾಗಿಸಿದರೆ ಗಾಳಿ ಚೆಂಡನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಒಂಬತ್ತನೇ ತರಗತಿಯ ನ್ಯೂಟನ್ನನ ಮೂರನೇ ನಿಯಮ ಅಷ್ಟು ಹೊತ್ತೂ ಕಣ್ಣೆದುರೇ ನಡೆಯುತ್ತಿರುತ್ತದೆ.

ಹಾಳೆಯ ಬದಲಿಗೆ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ಗುಂಡಿ ಒತ್ತುವ ಮೊದಲು, ಹಿಡಿ ತಿರುಗಿಸುವ ಮೊದಲು, ಗುಂಪಿನ ಪ್ರತಿಯೊಬ್ಬರೂ ಒಂದು ಊಹೆ ಹೇಳಬೇಕು. ಏನಾಗುತ್ತದೆ? ಯಾಕೆ ಹಾಗೆ ಅನ್ನಿಸುತ್ತದೆ? ಊಹೆ ಹೇಳಿದವರು ಮಾತ್ರ ಮುಟ್ಟಬಹುದು. ನಾನು ನಿಮಗೆ ಹೇಳಬೇಕಾಗಿರುವುದರ ತಿರುಳು ಇಷ್ಟೇ, ಉಳಿದದ್ದೆಲ್ಲ ಇದನ್ನು ನಡೆಸುವ ಬಗೆ. ಊಹೆ ಹೇಳಿದ ಮಗುವಿಗೆ ಆ ಯಂತ್ರದ ಉತ್ತರ ಬೇಕಾಗಿರುತ್ತದೆ. ತನ್ನ ಮಾತು ನಿಂತೀತೋ ಬಿದ್ದೀತೋ ಎಂದು ಅದು ಕಾಯುತ್ತದೆ. ಏನೂ ಹೇಳದೆ ಒತ್ತಿದ ಮಗುವಿಗೆ ದೀಪ ಹತ್ತಿದರೂ ಒಂದೇ, ಗಂಟೆ ಹೊಡೆದರೂ ಒಂದೇ.

ಒಂದು ಉದಾಹರಣೆ ವಿವರವಾಗಿ ಹೇಳುತ್ತೇನೆ. ವಿಜ್ಞಾನ ಕೇಂದ್ರಗಳಲ್ಲಿ ಸಾಮಾನ್ಯವಾಗಿ "ನಿಮ್ಮನ್ನು ನೀವೇ ಎತ್ತಿಕೊಳ್ಳಿ" ಎಂಬ ಕುರ್ಚಿಗಳಿರುತ್ತವೆ. ಕುರ್ಚಿಗೆ ಹಗ್ಗ ಕಟ್ಟಿ, ಮೇಲಿನ ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಕೂತವರ ಕೈಗೆ ಕೊಟ್ಟಿರುತ್ತಾರೆ. ಹಳ್ಳಿಯ ಮಕ್ಕಳನ್ನು ಅಲ್ಲಿ ನಿಲ್ಲಿಸಿ ನಾನು ಮೊದಲು ಕೇಳುತ್ತಿದ್ದುದು ಬಾವಿಯ ಬಗ್ಗೆ. "ರಾಟೆ ಹಾಕಿ ನೀರು ಸೇದಿದರೆ ಕೊಡ ಹಗುರ ಆಗುತ್ತಾ?" ಎಲ್ಲರೂ ಒಟ್ಟಿಗೆ, "ಆಗುತ್ತೆ ಸಾರ್!" ನಿಜವಾಗಿ ಆಗುವುದಿಲ್ಲ. 15 ಕಿಲೋ ಕೊಡಕ್ಕೆ 15 ಕಿಲೋದಷ್ಟೇ ಎಳೆಯಬೇಕು, ರಾಟೆ ಉಜ್ಜಿಕೊಂಡರೆ ಇನ್ನೂ ಸ್ವಲ್ಪ ಹೆಚ್ಚು. ಬಗ್ಗಿ ಮೇಲಕ್ಕೆ ಎತ್ತುವ ಬದಲು ನಿಂತು ಕೆಳಕ್ಕೆ ಎಳೆಯುವುದರಿಂದ ನಮ್ಮ ಮೈಭಾರವೂ ಕೆಲಸಕ್ಕೆ ಬರುತ್ತದೆ, ಅದಕ್ಕೇ ಹಗುರ ಅನ್ನಿಸುವುದು. ನಿಮ್ಮ ಕಡೆ ಕಪಿಲೆ ಹೊಡೆದು, ಅಂದರೆ ಎತ್ತುಗಳಿಂದ ಹಗ್ಗ ಎಳೆಸಿ ಬಾವಿಯ ನೀರೆತ್ತಿ, ಹೊಲಕ್ಕೆ ಹಾಯಿಸಿದ ಅಜ್ಜಂದಿರು ಇನ್ನೂ ಇದ್ದಾರು. ಎತ್ತುಗಳು ಇಳಿಜಾರಿನಲ್ಲೇ ಯಾಕೆ ನಡೆಯುತ್ತಿದ್ದವು ಎಂದು ಮಕ್ಕಳು ಅವರನ್ನು ಕೇಳಿಕೊಂಡು ಬರಲಿ. ಆ ಉತ್ತರವೂ ಇದೇ ಮೈಭಾರದ್ದು.

ಹಾಗಾದರೆ ಕುರ್ಚಿಯಲ್ಲಿ ಕೂತು ತನ್ನನ್ನೇ ಎಳೆದುಕೊಂಡರೆ? ಮಗು 40 ಕಿಲೋ, ಕುರ್ಚಿ 10 ಕಿಲೋ, ಒಟ್ಟು 50. ಈಗ ಬಾವಿಯ ಪಾಠ ಕಲಿತ ಮಕ್ಕಳು ಧೈರ್ಯವಾಗಿ "50 ಬೇಕು" ಅನ್ನುತ್ತಾರೆ. ಎಳೆದು ನೋಡಿದರೆ ಕುರ್ಚಿ ಅರ್ಧ ಬಲಕ್ಕೇ ಮೇಲೇಳುತ್ತದೆ! ಆ ಕ್ಷಣದ ಮುಖಗಳನ್ನು ನೀವು ನೋಡಬೇಕು ಮೇಡಂ. ಕೂತವಳನ್ನು ಎರಡು ಎಳೆಗಳು ಹೊತ್ತಿವೆ. ಕುರ್ಚಿಗೆ ಕಟ್ಟಿದ್ದು ಒಂದು, ಅವಳದೇ ಕೈಯಲ್ಲಿರುವುದು ಇನ್ನೊಂದು. ಒಂದೊಂದಕ್ಕೆ 25. ಸುಮ್ಮನೆ ಸಿಗುವುದಿಲ್ಲ, ಒಂದು ಅಡಿ ಮೇಲೇರಲು ಎರಡು ಅಡಿ ಹಗ್ಗ ಅವಳ ಕೈಯಿಂದ ಜಾರಬೇಕು.

ಒಮ್ಮೆ ಒಬ್ಬ ಹುಡುಗ, ಅಷ್ಟೊತ್ತೂ ಹಿಂದೆ ನಿಂತಿದ್ದವನು, ಕೇಳಿದ. "ಸಾರ್, ಹಗ್ಗ ಅವಳು ಬಿಟ್ಟು ನಾನು ಕೆಳಗಿಂದ ಎಳೆದರೆ?" ಅಲ್ಲಿನ ಮಾರ್ಗದರ್ಶಕರ ಅನುಮತಿ ಪಡೆದು, ಕುರ್ಚಿ ವಾಲದಂತೆ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಎಳೆಸಿದೆವು. ಕುರ್ಚಿ ಅಲುಗಲೇ ಇಲ್ಲ. ಅದೇ ಕುರ್ಚಿ, ಅದೇ ಹುಡುಗಿ, ಅದೇ ರಾಟೆ, ಅದೇ ಹಗ್ಗ. ಎಳೆಯುವವನು ಕುರ್ಚಿಯಿಂದ ನೆಲಕ್ಕೆ ಇಳಿದ ಕೂಡಲೆ 25 ಹೋಗಿ 50 ಆಯಿತು. ಅವನ ಪ್ರಶ್ನೆಗೆ ಉತ್ತರ ಫಲಕದಲ್ಲಿರಲಿಲ್ಲ, ನನ್ನ ಟಿಪ್ಪಣಿಯಲ್ಲೂ ಇರಲಿಲ್ಲ. ಆ ಗುಂಪು ಅಲ್ಲಿ 25 ನಿಮಿಷ ನಿಂತಿತ್ತು, ಮುಂದೆ ಹೋಗೋಣ ಎಂದು ಒಬ್ಬರೂ ಅನ್ನಲಿಲ್ಲ.

ಅಂಥ ಪ್ರಶ್ನೆಗೇ ಕಾಯುವುದನ್ನು ಮಕ್ಕಳಿಗೆ ಕಲಿಸಬಹುದು. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂನಲ್ಲಿ ಸೂ ಆಲನ್ ಮತ್ತು ಜೋಶ್ ಗಟ್ವಿಲ್ ಎಂಬ ಸಂಶೋಧಕರು ಗುಂಪಾಗಿ ಬರುವವರಿಗಾಗಿ ಎರಡು ಆಟಗಳನ್ನು ರೂಪಿಸಿ ಪರೀಕ್ಷಿಸಿದರು. ಒಂದರಲ್ಲಿ, ಯಾರಿಗಾದರೂ ಏನಾದರೂ ಹೊಳೆದರೆ ಅವರು "ಕೈ ತೆಗೀರಿ" ಎನ್ನಬಹುದು. ಆಗ ಎಲ್ಲರೂ ಯಂತ್ರದಿಂದ ಕೈ ತೆಗೆದು ಅವರ ಮಾತು ಕೇಳಬೇಕು. ಇನ್ನೊಂದರಲ್ಲಿ, ಗುಂಪು ಸೇರಿ ಒಂದು ಪ್ರಶ್ನೆ ಹುಡುಕಬೇಕು: ಗುಂಪಿನಲ್ಲಿ ಯಾರಿಗೂ ಉತ್ತರ ಗೊತ್ತಿರಬಾರದು, ಆದರೆ ಅಲ್ಲಿರುವ ಯಂತ್ರದಲ್ಲೇ ಮಾಡಿ ನೋಡಲು ಆಗಬೇಕು. ನಮ್ಮ ಮಕ್ಕಳಿಗೆ ಎರಡನೆಯದು ಮೊದಲು ಕಷ್ಟವಾಗುತ್ತದೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ನಾವು ಅವರಿಗೆ ಇಷ್ಟು ವರ್ಷ ಕೇಳುತ್ತಾ ಬಂದಿದ್ದೇವೆ. ತರಗತಿಯಲ್ಲೇ ಎರಡು ಸಲ ಆಡಿಸಿ. ಒಂದು ದಾರ, ಒಂದು ಬೀಗ ಕಟ್ಟಿದ ಲೋಲಕ ಸಾಕು. ಬೀಗ ಬದಲು ಎರಡು ಬೀಗ ಕಟ್ಟಿದರೆ? ದಾರ ಗಿಡ್ಡ ಮಾಡಿದರೆ? ಜೋರಾಗಿ ತಳ್ಳಿದರೆ?

ಎಕ್ಸ್‌ಪ್ಲೊರೇಟೋರಿಯಂ ಹೆಸರು ಬಂದದ್ದರಿಂದ ಒಂದು ಮಾತು ಹೇಳದೆ ಇರಲಾರೆ. 1969ರಲ್ಲಿ ಅದನ್ನು ಕಟ್ಟಿದವರು ಫ್ರಾಂಕ್ ಓಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಓಪನ್‌ಹೈಮರರ ತಮ್ಮ. ರಾಜಕೀಯ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಗಿ, ಕೊಲರಾಡೋದ ಪಗೋಸಾ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಬಳಿ ದನ ಸಾಕಿಕೊಂಡಿದ್ದವರು. ಆಮೇಲೆ ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾದರು. ಅಲ್ಲಿ ಅವರು ಮಕ್ಕಳನ್ನು ಕರೆದೊಯ್ಯುತ್ತಿದ್ದದ್ದು ಊರಾಚೆ ಹಳೆ ಸಾಮಾನು ಎಸೆಯುವ ಜಾಗಕ್ಕೆ. ಯಂತ್ರಗಳ, ಶಾಖದ, ವಿದ್ಯುತ್ತಿನ ಪಾಠಗಳೆಲ್ಲ ಅಲ್ಲಿ ಸಿಕ್ಕ ಭಾಗಗಳಿಂದಲೇ. ಮುಟ್ಟಿ ಆಡುವ ವಿಜ್ಞಾನ ಕೇಂದ್ರವೊಂದನ್ನು ಕಟ್ಟಿ ಜಗತ್ತಿಗೆ ದಾರಿ ತೋರಿಸಿದವರು ಒಂದು ಕಾಲಕ್ಕೆ ನಿಮ್ಮಂತೆಯೇ ಸಣ್ಣ ಊರಿನ ಶಿಕ್ಷಕರಾಗಿದ್ದರು ಎಂಬುದು ನನಗೆ ಇಂದಿಗೂ ಬಹಳ ಧೈರ್ಯ ಕೊಡುವ ಸಂಗತಿ.

ಇನ್ನು ದಿನದ ಲೆಕ್ಕ. ಅಂದು ಮ್ಯೂಸಿಯಂ ಮತ್ತು ಕಬ್ಬನ್ ಪಾರ್ಕು, ಇವೆರಡೇ. ಲಾಲ್‌ಬಾಗ್, ವಿಧಾನಸೌಧ, ದೇವಸ್ಥಾನ, ಮಾಲ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಪೋಷಕರು ಕೇಳುತ್ತಾರೆ, ನನಗೆ ಗೊತ್ತು. ವಿಧಾನಸೌಧವನ್ನು ಬಸ್ಸಿನಿಂದ ತೋರಿಸಿ. ಒಳಗೆ ಹೋದ ಮೇಲೆ ಮೊದಲ ಅರ್ಧ ಗಂಟೆ ಮಕ್ಕಳನ್ನು ಅವರ ಪಾಡಿಗೆ ಬಿಡಿ. ಓಡಲಿ, ಒತ್ತಲಿ, ಕಿರುಚಲಿ. ಹೊಸತನದ ಹಸಿವು ತೀರಲೇಬೇಕು. ಆಮೇಲೆ ಹೊರಗೆ ಕರೆದು ನೀರು ಕುಡಿಸಿ, ಐದೈದು ಮಕ್ಕಳ ಗುಂಪು ಮಾಡಿ. 62 ಮಕ್ಕಳಿಗೆ ಹನ್ನೆರಡು ಗುಂಪು, ಎರಡರಲ್ಲಿ ಆರಾರು ಮಂದಿ. ನಾಲ್ವರು ಶಿಕ್ಷಕರಾದರೆ ಒಬ್ಬೊಬ್ಬರಿಗೆ ಮೂರು ಗುಂಪು. ಪ್ರತಿ ಗುಂಪೂ ಊಟಕ್ಕೆ ಮೊದಲು ಎರಡು ಕಡೆ, ಊಟದ ನಂತರ ಒಂದು ಕಡೆ ನಿಲ್ಲಲಿ, ಒಂದೊಂದು ಕಡೆ ಕನಿಷ್ಠ ಇಪ್ಪತ್ತು ನಿಮಿಷ. ಎಲ್ಲಿ ನಿಲ್ಲಬೇಕೆಂದು ಅವರೇ ಆರಿಸಲಿ. ಅರ್ಧ ಗಂಟೆ ಓಡಾಡಿದ್ದಾರಲ್ಲ, ಯಾವುದು ಮನಸ್ಸಿಗೆ ಹಿಡಿಯಿತು ಎಂದು ಅವರಿಗೆ ಗೊತ್ತಾಗಿರುತ್ತದೆ. ಮೂರೇ ಮೂರಾ ಎಂದು ನಿಮ್ಮ ಸಹೋದ್ಯೋಗಿಗಳು ಕೇಳಬಹುದು. ಹೌದು, ಮೂರೇ. ಉಳಿದವನ್ನು ಕೊನೆಯ ಒಂದು ಗಂಟೆ ಸುಮ್ಮನೆ ನೋಡಿಕೊಂಡು ಬರಲಿ.

ಕೆಟ್ಟು ನಿಂತ ಯಂತ್ರ ಸಿಕ್ಕರೆ ಬೇಸರ ಬೇಡ. ದಿನಕ್ಕೆ ಅಷ್ಟೊಂದು ಕೈಗಳು ಎಳೆದಾಡುವ ವಸ್ತುಗಳು ಕೆಡುತ್ತವೆ. ಎಲ್ಲಿ ಕೆಟ್ಟಿರಬಹುದು ಎಂದು ಊಹಿಸುವುದೂ ಒಳ್ಳೆಯ ಕೆಲಸ.

ಒಂದು ವಿಷಯಕ್ಕೆ ಮಾತ್ರ ನೀವು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಬಿಟ್ಟರೆ ಹುಡುಗರು ಹಿಡಿ ತಿರುಗಿಸುತ್ತಾರೆ, ಹುಡುಗಿಯರು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಹುಡುಗಿಯರ ಅಕ್ಷರ ಚೆಂದ ಎಂದು ನಾವೇ ಪೆನ್ನು ಕೊಟ್ಟಿರುತ್ತೇವೆ. ನಾನೂ ವರ್ಷಗಟ್ಟಲೆ ಕೊಟ್ಟಿದ್ದೇನೆ. ಒಂದು ಸಲ ಒಬ್ಬಳು ವಾಪಸು ಹೋಗುವ ಹೊತ್ತಿಗೆ ಬಂದು, "ಸಾರ್, ನಾನು ಒಂದೂ ಮುಟ್ಟಿಲ್ಲ" ಅಂದಳು. ಬಸ್ಸು ಸ್ಟಾರ್ಟ್ ಆಗಿತ್ತು. ಆ ಮಾತು ಇವತ್ತಿಗೂ ನನ್ನೊಳಗೆ ಚುಚ್ಚುತ್ತದೆ. ಅಂದಿನಿಂದ ನಾನು ಎಲ್ಲ ತಂಡಕ್ಕೂ ಹೇಳುತ್ತಿದ್ದದ್ದು ಇದು: ಇನ್ನೂ ಮುಟ್ಟದವರಿಗೆ ಮೊದಲ ಸರದಿ, ಪೆನ್ನು ಪ್ರತಿ ಯಂತ್ರಕ್ಕೂ ಕೈ ಬದಲಿಸಬೇಕು. ಹಾಗೆಯೇ ದುಡ್ಡು ಕೊಡಲಾಗದೆ ಮನೆಯಲ್ಲೇ ಉಳಿಯುವ ಮಕ್ಕಳು. ಎಂಟು ಹತ್ತು ಮಂದಿ ಪ್ರತಿ ಶಾಲೆಯಲ್ಲೂ ಇರುತ್ತಾರೆ, "ಹೊಟ್ಟೆನೋವು" ಅಂತ ಸುಳ್ಳು ಹೇಳಿ ಉಳಿಯುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೆಸರು ಹೇಳದೆ ಸಂಖ್ಯೆಯಷ್ಟೇ ಮುಂದಿಡಿ. ಹಳೆ ವಿದ್ಯಾರ್ಥಿಗಳನ್ನೂ ಕೇಳಿ. ಇದಕ್ಕೆ ಇಲ್ಲ ಎಂದ ಊರನ್ನು ನಾನು ಕಂಡಿಲ್ಲ.

ಮುಖ್ಯ ಶಿಕ್ಷಕರ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಹಾರಿಸಿ ಹೋಗಬಾರದು. ಲ್ಯಾಬಿಗೆ ಸಾಮಾನು ಬೇಕು. ಆದರೆ ಕೆಲವನ್ನು ಲ್ಯಾಬು ಕೊಡಲಾರದು. ಪೆಡಲ್ ತುಳಿದು ವಿದ್ಯುತ್ ಮಾಡುವ ಸೈಕಲ್ಲನ್ನೇ ತೆಗೆದುಕೊಳ್ಳಿ. ಅಂಥದ್ದು ಸಿಕ್ಕ ಕಡೆ ಮಗುವನ್ನು ಹತ್ತಿಸಿ, ಬಲ್ಬು ಆರಿಸಿಟ್ಟು ತುಳಿಸಿ. ಹಗುರ. ತುಳಿಯುತ್ತಿರುವಾಗಲೇ ಸ್ವಿಚ್ ಹಾಕಿ. ಒಮ್ಮೆಲೇ ಪೆಡಲ್ ಭಾರವಾಗುತ್ತದೆ. ಏರು ರಸ್ತೆ ಬಂದಂತೆ! ಕರೆಂಟು ಹರಿಯತೊಡಗಿದ ಕೂಡಲೆ ಸುರುಳಿಯೂ ಒಂದು ಅಯಸ್ಕಾಂತವಾಗಿ ತಿರುಗುವುದನ್ನು ತಡೆಯುತ್ತದೆ. ಶಕ್ತಿಯ ಸಂರಕ್ಷಣೆ ಎಂದು ಬೋರ್ಡಿನ ಮೇಲೆ ಬರೆದದ್ದು ಈಗ ತೊಡೆಯಲ್ಲಿ ನೋವಾಗಿ ಗೊತ್ತಾಗುತ್ತದೆ. ಹಳೆ ಸೈಕಲ್ಲಿನ ಡೈನಮೋ ಒತ್ತಿದಾಗ ಹೀಗೇ ಆಗುತ್ತಿತ್ತು ಎಂದು ಮನೆಯ ಹಿರಿಯರು ಸಾಕ್ಷಿ ಹೇಳುತ್ತಾರೆ.

ಆಮೇಲೆ ಬಸ್ಸಿನಲ್ಲಿ ಬರುತ್ತಾ ಒಂದು ಲೆಕ್ಕ ಮಾಡಿಸಿ. ಒಂದು ಮಗು ಒಂದೇ ಸಮನೆ 50 ವ್ಯಾಟ್ ತುಳಿಯುತ್ತದೆ ಎಂದಿಟ್ಟುಕೊಳ್ಳಿ. ಕರೆಂಟ್ ಬಿಲ್ಲಿನ ಒಂದು ಯೂನಿಟ್‌ಗೆ 20 ಗಂಟೆ ತುಳಿಯಬೇಕು. ಮನೆಯಲ್ಲಿ ತಿಂಗಳಿಗೆ 60 ಯೂನಿಟ್ ಖರ್ಚಾದರೆ 1,200 ಗಂಟೆ. ತಿಂಗಳಲ್ಲಿ ಇರುವುದೇ 720 ಗಂಟೆ. ಹಗಲು ರಾತ್ರಿ ಇಬ್ಬರು ತುಳಿದರೆ ಒಂದು ಮನೆ ನಡೆದೀತು. ನಿಮ್ಮ ಪಕ್ಕದ ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದಕ್ಕೆ ಸಮನಾಗಲು ಎಷ್ಟು ಮಕ್ಕಳು ಪೆಡಲ್ ತುಳಿಯಬೇಕು? 4 ಕೋಟಿ 10 ಲಕ್ಷ. ಸೊನ್ನೆಗಳನ್ನು ಎಣಿಸುವುದರಲ್ಲೇ ದಾಬಸ್‌ಪೇಟೆ ಬಂದಿರುತ್ತದೆ.

ವ್ಯವಸ್ಥೆಯ ಮಾತುಗಳನ್ನು ಬೇಗ ಮುಗಿಸುತ್ತೇನೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿಗೆ ಒಂದು ತಿಂಗಳು ಮುಂಚೆಯೇ ಬರೆಯಿರಿ. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ಶಾಲೆಗಳೆಲ್ಲ ಅಲ್ಲೇ ಇರುತ್ತವೆ, ಒಂದು ಯಂತ್ರದ ಮುಂದೆ ಇಪ್ಪತ್ತು ನಿಮಿಷ ನಿಲ್ಲುವ ಮಾತೇ ಇಲ್ಲ. ಆಗಸ್ಟಿನಲ್ಲೋ ಫೆಬ್ರುವರಿಯ ಮೊದಲ ವಾರದಲ್ಲೋ, ವಾರದ ನಡುವಿನ ದಿನ ಹೋಗಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ ಕಳಿಸಿದರೆ ಶಾಲಾ ತಂಡದ ರಿಯಾಯಿತಿಯ ಬಗ್ಗೆಯೂ ಆ ದಿನದ ವಿಜ್ಞಾನ ಪ್ರದರ್ಶನಗಳ ಬಗ್ಗೆಯೂ ತಿಳಿಸುತ್ತಾರೆ. ಗಣೇಶನ ಹಬ್ಬ, ದೀಪಾವಳಿಗೆ ಬಾಗಿಲು ಹಾಕಿರುತ್ತದೆ. ಸಾಧ್ಯವಾದರೆ ನೀವೊಬ್ಬರೇ ಒಂದು ಭಾನುವಾರ ಹೋಗಿ ನೋಡಿಕೊಂಡು ಬನ್ನಿ. ಬೇರೆ ಯಾವ ಸಿದ್ಧತೆಯೂ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಇದನ್ನು ಓದುತ್ತಿರುವ ಬೇರೆ ಜಿಲ್ಲೆಯ ಶಿಕ್ಷಕರಿಗೆ ಒಂದು ಮಾತು: ಬೆಂಗಳೂರಿಗೇ ಬರಬೇಕೆಂದಿಲ್ಲ. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಧಾರವಾಡದಲ್ಲೂ ಮಂಗಳೂರಿನ ಪಿಲಿಕುಳದಲ್ಲೂ ಪ್ರಾದೇಶಿಕ ವಿಜ್ಞಾನ ಕೇಂದ್ರಗಳಿವೆ.

ಕೊನೆಯದು, ವಾಪಸು ಬಂದ ಮೇಲೆ. "ನಮ್ಮ ಪ್ರವಾಸ" ಎಂಬ ಪ್ರಬಂಧ ಬರೆಸುವುದಿದ್ದರೆ ಭಾಷಾ ಮೇಷ್ಟ್ರು ಬರೆಸಲಿ, ಅದರಲ್ಲಿ ಪುಳಿಯೋಗರೆಯೂ ಇರಲಿ. ವಿಜ್ಞಾನದ ಪಿರಿಯಡ್ಡಿನಲ್ಲಿ ನೀವು ಕೇಳಬೇಕಾದ್ದು, "ನಿಮ್ಮ ಯಾವ ಊಹೆ ಸುಳ್ಳಾಯಿತು?" ಅಷ್ಟನ್ನೇ. ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮೊದಲು ನಿಮ್ಮದನ್ನು ಅಂಟಿಸಿ. ಸುಳ್ಳಾದ ಊಹೆ ನಾಚಿಕೆಯ ವಿಷಯವಲ್ಲ ಎಂದು ಮಕ್ಕಳು ನಂಬುವುದು ಮೇಡಂ ಬರೆದದ್ದನ್ನು ಓದಿದ ಮೇಲೆಯೇ.

ಆಮೇಲೆ ಪ್ರತಿ ಗುಂಪೂ ತಾನು ನಿಂತ ಮೂರರಲ್ಲಿ ಒಂದನ್ನು ಶಾಲೆಯಲ್ಲಿ ಕಟ್ಟಲಿ. ಸೈಕಲ್ ಡೈನಮೋ ಗುಜರಿಯಲ್ಲಿ ಸಿಗುತ್ತದೆ. ರಾಟೆಗಳು ಯಾರದಾದರೂ ಹಿತ್ತಲಿನಲ್ಲಿ ಬಿದ್ದಿರುತ್ತವೆ. ಒಂದು ಮೀಟರ್ ಅಲ್ಯೂಮಿನಿಯಂ ಪೈಪು, ಅದರೊಳಗೆ ಇಳಿಯುವಂಥ ನಿಯೋಡೈಮಿಯಂ ಅಯಸ್ಕಾಂತ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ, ಹೋದ ದಿನವೇ ಒಬ್ಬ ಶಿಕ್ಷಕರು ತಂದುಬಿಡಬಹುದು. ಪೈಪಿನೊಳಗೆ ಒಂದು ಕಲ್ಲು ಬಿಟ್ಟರೆ ಅರ್ಧ ಸೆಕೆಂಡೂ ಆಗದೆ ಕೆಳಗೆ ಬೀಳುತ್ತದೆ. ಅಯಸ್ಕಾಂತ ಬಿಟ್ಟರೆ ಕಣ್ಣು ಮಿಟುಕಿಸುತ್ತಾ ಕಾಯಬೇಕು, ಅಷ್ಟು ನಿಧಾನ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದನ್ನು ಮೊದಲು ತೋರಿಸಿ, ಆಮೇಲೆ ಊಹೆ ಕೇಳಿ. ಪೆಡಲನ್ನು ಭಾರ ಮಾಡಿದ್ದೇ ಇಲ್ಲೂ ಅಯಸ್ಕಾಂತವನ್ನು ತಡೆಯುತ್ತಿದೆ ಎಂದು ನೀವಾಗಿ ಹೇಳಬೇಡಿ. ಸೈಕಲ್ ತುಳಿದವರಲ್ಲಿ ಯಾರಾದರೊಬ್ಬರು ಅಂದೋ, ಒಂದು ವಾರ ಬಿಟ್ಟೋ ಹೇಳುತ್ತಾರೆ.

ಫೆಬ್ರುವರಿ ಮೊದಲ ವಾರ ಹೋಗಿಬಂದರೆ 28ರ ವಿಜ್ಞಾನ ದಿನಕ್ಕೆ ಮೂರು ವಾರ ಸಿಗುತ್ತದೆ. ಅಂದು ಪ್ರವಾಸಕ್ಕೆ ಬಾರದ ಮಕ್ಕಳನ್ನೂ ಹತ್ತಿರದ ಪ್ರಾಥಮಿಕ ಶಾಲೆಯ ಏಳನೇ ತರಗತಿಯವರನ್ನೂ ಕರೆಯಿರಿ. ನಿಮ್ಮ ಮಕ್ಕಳು ಕಟ್ಟಿದ್ದರ ಪಕ್ಕ ಅವರೇ ನಿಲ್ಲಲಿ. ಫಲಕ ಬೇಡ. ಬಂದವರು ಕೈ ಚಾಚಿದಾಗ ನಿಮ್ಮ ಮಕ್ಕಳು ಕೇಳಬೇಕಾದ್ದು, "ಮುಟ್ಟೋ ಮುಂಚೆ ಹೇಳು, ಏನಾಗುತ್ತೆ?" ಮುಖ್ಯ ಶಿಕ್ಷಕರನ್ನೂ ಕರೆದು, ಅಯಸ್ಕಾಂತವನ್ನು ಅವರ ಕೈಗೇ ಕೊಟ್ಟು, ಪೈಪಿನೊಳಗೆ ಬಿಡುವ ಮುಂಚೆ ಅವರಿಗೂ ಅದನ್ನೇ ಕೇಳಲಿ.